ಮಾಜಿ ಮಾಲೀಕನೂ ಹಳದಿ ಗ್ಯಾಲರಿಯೂ

2015ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಎರ್ನಾಕುಳಂ ಶಾಖೆಗೆ ನನಗೆ ವರ್ಗವಾಯಿತು. ರಿಟೈರ್ ಆಗೋದಕ್ಕೆ ನಾಲ್ಕು ವರ್ಷ ಇತ್ತು. ಮನೆಯಾಕೆ ಬೆಂಗಳೂರಿನಲ್ಲೇ ಉಳಿದಳು. ನಾನು ಕಲೂರಿನಲ್ಲಿ ಒಂದು ಮಹಡಿ ಮನೆ ಹಿಡಿದೆ. ಕಲೂರ್ ಅಂದರೆ ಕೊಚ್ಚಿಯವರಿಗೆ ಎರಡು ಗುರುತು. ಒಂದು, ಸಂತ ಅಂತೋಣಿಯವರ ಚರ್ಚು. ಮಂಗಳವಾರ ಅಲ್ಲಿ ನೊವೇನಾಕ್ಕೆ ಬರುವ ಜನಕ್ಕೆ ರಸ್ತೆ ಸಾಲುವುದಿಲ್ಲ. ಇನ್ನೊಂದು, ಜವಾಹರಲಾಲ್ ನೆಹರು ಸ್ಟೇಡಿಯಂ. ಮೊದಲನೆಯದಕ್ಕೆ ನಾನು ಒಮ್ಮೆ ಹೋಗಿದ್ದೆ. ಎರಡನೆಯದಕ್ಕೆ ಎಷ್ಟು ಸಲ ಹೋದೆನೋ ಲೆಕ್ಕವಿಟ್ಟಿಲ್ಲ.

ಹೋಗಲು ಕಾರಣ ನಮ್ಮ ಶಾಖೆಯ ಕ್ಯಾಷಿಯರ್. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಕೇರಳ ಬ್ಲಾಸ್ಟರ್ಸ್ ಆಟವಿದ್ದ ದಿನ ಮಧ್ಯಾಹ್ನದಿಂದಲೇ ಅವನ ಲೆಕ್ಕ ಚುರುಕಾಗುತ್ತಿತ್ತು. "ಸಾರೇ, ಒಬ್ಬರೇ ಮನೇಲಿ ಕೂತು ಏನು ಮಾಡ್ತೀರಿ? ಬನ್ನಿ" ಅಂತ ಎಳೆದುಕೊಂಡು ಹೋದ. ಒಳಗೆ ಹೋದರೆ ಐವತ್ತು ಸಾವಿರ ಜನ, ಎಲ್ಲ ಹಳದಿ. 'ಮಂಞಪ್ಪಡ' ಅಂತ ಅವರ ಅಭಿಮಾನಿ ಸಂಘದ ಹೆಸರು. ಮಂಞ ಎಂದರೆ ಹಳದಿ, ಪಡ ಎಂದರೆ ಪಡೆ. ಕನ್ನಡಿಗನಿಗೆ ಅರ್ಥವಾಗಲು ಕಷ್ಟವೇನಿಲ್ಲ. ಆ ವರ್ಷ ಅವರ ತಂಡ ಎಂಟರಲ್ಲಿ ಎಂಟನೆಯದಾಯಿತು. ಆದರೂ ಗ್ಯಾಲರಿ ತುಂಬುತ್ತಿತ್ತು.

ಆ ಗದ್ದಲದಲ್ಲಿ ನಾನು ಮೊದಲು ಗಮನಿಸಿದ್ದು ಆಟಗಾರರನ್ನಲ್ಲ, ಮಾಲೀಕನನ್ನು. ಸಚಿನ್ ತೆಂಡೂಲ್ಕರ್ ಬಂದಿದ್ದಾರೆಂದು ಗೊತ್ತಾದರೆ ಸಾಕು, ಐವತ್ತು ಸಾವಿರ ಕತ್ತು ಮೇಲಕ್ಕೆ ತಿರುಗುತ್ತಿತ್ತು. ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಶುರುವಾದಾಗ ಪಿವಿಪಿ ಸಂಸ್ಥೆಯ ಪ್ರಸಾದ್ ಪೊಟ್ಲೂರಿ ಜೊತೆಗೆ ಕೇರಳದ ತಂಡವನ್ನು ಕೊಂಡವರು ಸಚಿನ್. ಕ್ರಿಕೆಟ್‌ನಲ್ಲಿ ಜನ ಅವರನ್ನು ಕರೆಯುತ್ತಿದ್ದ 'ಮಾಸ್ಟರ್ ಬ್ಲಾಸ್ಟರ್' ಎಂಬ ಹೆಸರಿನ ಅರ್ಧವೇ ತಂಡದ ಹೆಸರಾಯಿತು. 2016ರ ಜೂನ್‌ನಲ್ಲಿ ಚಿರಂಜೀವಿ, ನಾಗಾರ್ಜುನ, ಅಲ್ಲು ಅರವಿಂದ್, ನಿಮ್ಮಗಡ್ಡ ಪ್ರಸಾದ್ ಪಾಲುದಾರರಾಗಿ ಬಂದರು. ಜನರ ಬಾಯಲ್ಲಿ ಮಾತ್ರ ಅದು ಸಚಿನ್ ಟೀಮೇ.

ಬೆಂಗಳೂರಿನಲ್ಲಿ ನನ್ನ ಅಕ್ಕನ ಮಗನೊಬ್ಬನಿದ್ದಾನೆ. ಬೆಂಗಳೂರು ಎಫ್‌ಸಿಯ ಕಟ್ಟಾ ಅಭಿಮಾನಿ. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ನೀಲಿ ಅಂಗಿ ಹಾಕಿಕೊಂಡು ತೊಂಬತ್ತು ನಿಮಿಷ ನಿಂತೇ ಹಾಡುವ 'ವೆಸ್ಟ್ ಬ್ಲಾಕ್ ಬ್ಲೂಸ್' ಗುಂಪಿನವನು. ಫೋನ್ ಮಾಡಿದಾಗಲೆಲ್ಲ ಛೇಡಿಸುತ್ತಿದ್ದ: "ಮಾಮ, ಅದು ಫುಟ್‌ಬಾಲ್ ಕ್ಲಬ್ ಅಲ್ಲ, ಸಚಿನ್ ಫ್ಯಾನ್ಸ್ ಅಸೋಸಿಯೇಷನ್. ಅವರು ಬಿಟ್ಟು ಹೋದ ದಿನ ನೋಡಿ, ಗ್ಯಾಲರಿಯಲ್ಲಿ ಕಾಗೆ ಇರುತ್ತೆ." ಅವನ ಗರ್ವಕ್ಕೂ ಕಾರಣವಿತ್ತು. 2013ರಲ್ಲಿ ಹುಟ್ಟಿದ ಅವನ ಕ್ಲಬ್ ಮೊದಲ ವರ್ಷವೇ ಐ-ಲೀಗ್ ಗೆದ್ದಿತ್ತು; 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋಯಿತು. ಅಲ್ಲಿ ಮಾಲೀಕ ಯಾರೆಂದು ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಸುನಿಲ್ ಛೆಟ್ರಿ ಗೊತ್ತಿದ್ದರೆ ಸಾಕಿತ್ತು.

ನಾನೂ ಒಳಗೊಳಗೇ ಅವನ ಮಾತನ್ನು ಒಪ್ಪಿದ್ದೆ. ಕಾಮರ್ಸ್ ಓದಿ, ಮೂವತ್ತು ವರ್ಷ ಬ್ಯಾಲೆನ್ಸ್ ಶೀಟ್ ನೋಡಿದವನು ನಾನು. ಒಬ್ಬನ ಹೆಸರಿನ ಮೇಲೆ ನಿಂತ ವ್ಯಾಪಾರಕ್ಕೆ ಸಾಲ ಕೊಡುವಾಗ ಕೈ ಹಿಂದೆ ಮುಂದೆ ಆಗುತ್ತದೆ. ಜೊತೆಗೆ ಕೇರಳದ ಕ್ಲಬ್‌ಗಳ ಚರಿತ್ರೆಯೂ ಧೈರ್ಯ ಕೊಡುವಂಥದ್ದಲ್ಲ. 1997ರಲ್ಲಿ ಕೊಚ್ಚಿಯಲ್ಲಿ ಎಫ್‌ಸಿ ಕೊಚ್ಚಿನ್ ಹುಟ್ಟಿತು, ಅದೇ ವರ್ಷ ಡ್ಯುರಾಂಡ್ ಕಪ್ ಗೆದ್ದಿತು. ಐದೇ ವರ್ಷಕ್ಕೆ ಬಾಗಿಲು ಹಾಕಿತು. 2004ರ ವಿವಾ ಕೇರಳ 2011ರಲ್ಲಿ ಚಿರಾಗ್ ಯುನೈಟೆಡ್ ಕೇರಳ ಆಯಿತು. 2012ಕ್ಕೆ ಅದೂ ಇಲ್ಲ. ಎರಡು ಸಲವೂ ಮೊದಲು ಕೈಬಿಟ್ಟದ್ದು ದುಡ್ಡು, ಜನರಲ್ಲ.

ಸಚಿನ್‌ಗೂ ಕಲೂರಿಗೂ ಇದ್ದ ನಂಟು ಫುಟ್‌ಬಾಲ್‌ನಿಂದ ಶುರುವಾದದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಏಕದಿನ ಕ್ರಿಕೆಟ್‌ನಲ್ಲಿ ಅವರು ಎರಡೇ ಸಲ ಐದು ವಿಕೆಟ್ ತೆಗೆದದ್ದು. ಎರಡೂ ಸಲ ಇದೇ ಮೈದಾನದಲ್ಲಿ! 1998ರ ಏಪ್ರಿಲ್ 1ರಂದು ಆಸ್ಟ್ರೇಲಿಯಾ ವಿರುದ್ಧ 32 ರನ್ನಿಗೆ ಐದು, 2005ರ ಏಪ್ರಿಲ್ 2ರಂದು ಪಾಕಿಸ್ತಾನದ ವಿರುದ್ಧ 50 ರನ್ನಿಗೆ ಐದು. ಎರಡನೆಯ ಆಟದಲ್ಲಿ ನಮ್ಮ ದ್ರಾವಿಡ್ ಕೂಡ ಶತಕ ಹೊಡೆದಿದ್ದರು. ಹೀಗಾಗಿ ಕಲೂರಿನವರಿಗೆ ಸಚಿನ್ ಹೊರಗಿನ ಧಣಿ ಅನ್ನಿಸಲೇ ಇಲ್ಲ.

2016ರ ಡಿಸೆಂಬರ್ 18ರ ಫೈನಲ್ ಕಲೂರಿನಲ್ಲೇ ನಡೆಯಿತು. ಎದುರಾಳಿ ಕೋಲ್ಕತ್ತ. ಆ ತಂಡಕ್ಕೆ ಸೌರವ್ ಗಂಗೂಲಿ ಪಾಲುದಾರ. ಎರಡು ವರ್ಷದ ಹಿಂದೆ, ಮುಂಬಯಿಯ ಮೊದಲ ಫೈನಲ್‌ನಲ್ಲಿ, ಇದೇ ಕೋಲ್ಕತ್ತ ಕೊನೆಯ ಗಳಿಗೆಯ ಗೋಲಿನಿಂದ ಕೇರಳವನ್ನು ಸೋಲಿಸಿತ್ತು. ಈ ಸಲ 37ನೇ ನಿಮಿಷದಲ್ಲಿ ಮೊಹಮ್ಮದ್ ರಾಫಿ ತಲೆಯಿಂದ ಚೆಂಡನ್ನು ಬಲೆಗೆ ಹಾಕಿದಾಗ ಕಾಂಕ್ರೀಟು ನಡುಗಿತು. ರಾಫಿ ಕಾಸರಗೋಡು ಜಿಲ್ಲೆಯ ತ್ರಿಕ್ಕರಿಪುರದವನು, ಮೊದಲು ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರ್ ತಂಡದಲ್ಲಿ ಆಡಿದವನು. "ಬ್ಯಾಂಕಿನವನು ಸಾರೇ, ನಮ್ಮವನು!" ಅಂತ ಕ್ಯಾಷಿಯರ್ ನನ್ನ ಹೆಗಲು ಹಿಡಿದು ಅಲ್ಲಾಡಿಸಿದ. ಆದರೆ ಏಳೇ ನಿಮಿಷಕ್ಕೆ ಕೋಲ್ಕತ್ತ ಸಮ ಮಾಡಿತು, ಕೊನೆಗೆ ಪೆನಾಲ್ಟಿಯಲ್ಲಿ 4-3ರಿಂದ ಗೆದ್ದಿತು. ಅಷ್ಟು ಜನ ಒಟ್ಟಿಗೆ ಸುಮ್ಮನಾದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಮಾಲೀಕರು ಕಾರು ಹತ್ತಿದರು. ನಾವಿಬ್ಬರೂ ದೇಶಾಭಿಮಾನಿ ಜಂಕ್ಷನ್‌ವರೆಗೆ ಮಾತಿಲ್ಲದೆ ನಡೆದೆವು.

ಮುಂದಿನ ವರ್ಷ ಎರಡು ಬದಲಾವಣೆ ಒಟ್ಟಿಗೇ ಬಂದವು. 2017ರ ಏಪ್ರಿಲ್ 1ರಂದು ನನ್ನ ಬ್ಯಾಂಕೂ ಟ್ರಾವಂಕೂರ್ ಬ್ಯಾಂಕೂ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋದವು. ಮೈಸೂರು ಮಹಾರಾಜರ ಕಾಲದಲ್ಲಿ, 1913ರಲ್ಲಿ ಹುಟ್ಟಿದ ಬ್ಯಾಂಕಿನ ಬೋರ್ಡನ್ನು ಪರರಾಜ್ಯದ ಒಂದು ಬೀದಿಯಲ್ಲಿ ನಿಂತು ಇಳಿಸಿಕೊಂಡೆವು. ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಇನ್ನೊಂದು, ಆ ವರ್ಷ ಬೆಂಗಳೂರು ಎಫ್‌ಸಿ ಕೂಡ ಸೂಪರ್ ಲೀಗ್‌ಗೆ ಬಂತು. ಎರಡು ವರ್ಷ ಅವರ ಪಕ್ಕ ಕೂತು ಅವರ ಕಡಲೆಕಾಯಿ ತಿಂದವನು ಈಗ ಎದುರಾಳಿಯಾದೆ.

ಡಿಸೆಂಬರ್ 31ರಂದು ಕಲೂರಿನಲ್ಲಿ ಮೊದಲ ಮುಖಾಮುಖಿ. ತಿರುವನಂತಪುರದಿಂದ ರೈಲು ಹಿಡಿದು ಬಂದೆ. ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಹಳದಿ ಸಮುದ್ರದ ಒಂದು ಮೂಲೆಯಲ್ಲಿ ನೀಲಿ ಕರವಸ್ತ್ರದಷ್ಟು ಜನ ನಾವು. ಛೆಟ್ರಿ ಒಂದು, ಕೊನೆಯಲ್ಲಿ ಮಿಕು ಎರಡು, 3-1ರಿಂದ ಗೆದ್ದೆವು. ಎರಡು ದಿನಕ್ಕೆ ಅವರ ಕೋಚ್ ರೆನೆ ಮ್ಯೂಲೆನ್‌ಸ್ಟೀನ್ ಕ್ಲಬ್ ಬಿಟ್ಟರು. ಅವತ್ತು ನಮ್ಮ ಮೂಲೆಯಲ್ಲಿ ಒಂದು ವಿಚಿತ್ರ ನೋಡಿದೆ. ಕೇರಳದ ಆಟಗಾರರನ್ನು, ರೆಫರಿಯನ್ನು ಎಲ್ಲ ಹುಡುಗರು ಬೈದರು. ಸಚಿನ್ ವಿಷಯಕ್ಕೆ ಯಾರೂ ಬಾಯಿ ಹಾಕಲಿಲ್ಲ. ಆಮೇಲೆ ಕೇಳಿದರೆ ಅಕ್ಕನ ಮಗ ಹೇಳಿದ: "ಹೇಗೆ ಬೈಯೋದು ಮಾಮ? ಚಿನ್ನಸ್ವಾಮಿಯಲ್ಲಿ ನಾನೇ ಅವರ ಹೆಸರು ಕೂಗಿದ್ದೀನಿ." ತಂಡವನ್ನು ಮಾಲೀಕನ ಹೆಸರಿನಿಂದ ಹಂಗಿಸಬಹುದು, ಮಾಲೀಕನನ್ನು ಹಂಗಿಸುವಂತಿಲ್ಲ. ಎದುರಾಳಿಯ ಕಷ್ಟ ಅದು.

ಕ್ಯಾಷಿಯರ್ ಕೂಡ ಸುಮ್ಮನಿರುವ ಪೈಕಿಯಲ್ಲ. ನಾನು ಒಮ್ಮೆ "ಸಚಿನ್ ಹೋದರೆ ನಿಮ್ಮ ಗತಿ ಏನಪ್ಪಾ?" ಅಂದಾಗ ತಿರುಗಿಸಿ ಕೇಳಿದ: "ಸಾರೇ, ನಿಮ್ಮ ಕ್ರಿಕೆಟ್ ಟೀಮಿನ ಹಳೇ ಓನರ್ ಎಲ್ಲಿದ್ದಾರೆ?" ವಿಜಯ್ ಮಲ್ಯ 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟಿದ್ದರು, ವಿಮಾನ ಕಂಪನಿಗೆ ಕೊಟ್ಟ ಸಾಲಕ್ಕಾಗಿ ಬ್ಯಾಂಕುಗಳು ಕೋರ್ಟು ಸುತ್ತುತ್ತಿದ್ದವು. ಇಬ್ಬರೂ ಬ್ಯಾಂಕಿನವರು, ಮುಂದೆ ಮಾತು ಬೇಕಾಗಲಿಲ್ಲ. ರಾಯಲ್ ಚಾಲೆಂಜರ್ಸ್ ಎಂಬ ಹೆಸರು ಬಂದದ್ದು ಅವರ ಕಂಪನಿಯ ವಿಸ್ಕಿಯಿಂದ. ಅವರು ಹೋದ ಮೇಲೂ ಚಿನ್ನಸ್ವಾಮಿಯಲ್ಲಿ ಸೀಟು ಸಿಗುತ್ತಿರಲಿಲ್ಲ.

ಸಚಿನ್ ಬಗ್ಗೆ ನನ್ನ ಅಭಿಪ್ರಾಯ ಬದಲಾದದ್ದು 2018ರ ಮಾರ್ಚ್‌ನಲ್ಲಿ. ಆ ನವೆಂಬರ್‌ನ ಭಾರತ-ವೆಸ್ಟ್ ಇಂಡೀಸ್ ಏಕದಿನ ಪಂದ್ಯವನ್ನು ಕಲೂರಿನಲ್ಲಿ ಆಡಿಸಲು ಕೇರಳ ಕ್ರಿಕೆಟ್ ಸಂಸ್ಥೆ ಹೊರಟಿತು. ಸ್ಟೇಡಿಯಂ ಗ್ರೇಟರ್ ಕೊಚ್ಚಿನ್ ಅಭಿವೃದ್ಧಿ ಪ್ರಾಧಿಕಾರದ್ದು. 2017ರ ಅಕ್ಟೋಬರ್‌ನಲ್ಲಿ ಹದಿನೇಳರೊಳಗಿನವರ ವಿಶ್ವಕಪ್‌ಗಾಗಿ ಅಲ್ಲಿ ಫಿಫಾ ಒಪ್ಪಿದ ಹುಲ್ಲು ಬೆಳೆಸಿದ್ದರು. ಬ್ರೆಜಿಲ್, ಸ್ಪೇನ್ ಹುಡುಗರು ಅದರ ಮೇಲೆ ಆಡಿದ್ದರು. ಕ್ರಿಕೆಟ್ ಪಿಚ್ ಬೇಕೆಂದರೆ ಮೈದಾನದ ನಡುಮಧ್ಯ ಅಗೆಯಬೇಕು. ಬ್ಲಾಸ್ಟರ್ಸ್‌ನ ಸಿ.ಕೆ. ವಿನೀತ್, ಇಯಾನ್ ಹ್ಯೂಮ್ ವಿರೋಧಿಸಿದರು. ವಿನೀತ್ ಕಣ್ಣೂರಿನವನು, ಹಿಂದಿನ ವರ್ಷ ನಮ್ಮ ಬೆಂಗಳೂರಿಗೆ ಫೆಡರೇಷನ್ ಕಪ್ ಗೆಲ್ಲಿಸಿಕೊಟ್ಟವನು. ಎದುರಾಳಿ ನಾಯಕ ಛೆಟ್ರಿಯೂ ಬೇಡವೆಂದ. ಆಗ ಸಚಿನ್ ಬಹಿರಂಗವಾಗಿ ಕೇಳಿಕೊಂಡರು: ಫುಟ್‌ಬಾಲ್ ಕೊಚ್ಚಿಯಲ್ಲಿರಲಿ, ಕ್ರಿಕೆಟ್ ತಿರುವನಂತಪುರಕ್ಕೆ ಹೋಗಲಿ. ತಾವು ಎರಡು ಸಲ ಐದೈದು ವಿಕೆಟ್ ತೆಗೆದ ಮೈದಾನದಲ್ಲಿ ಕ್ರಿಕೆಟ್ ಬೇಡ ಅಂತ ಕ್ರಿಕೆಟಿಗನೇ ಹೇಳಿದ್ದು! ಪಂದ್ಯ ತಿರುವನಂತಪುರದ ಕಾರ್ಯವಟ್ಟಂ ಸ್ಟೇಡಿಯಂಗೆ ಹೋಯಿತು. ಹುಲ್ಲು ಉಳಿಯಿತು.

ಅದೇ ವರ್ಷ ಆಗಸ್ಟ್‌ನಲ್ಲಿ ಮಹಾಪ್ರವಾಹ. ಕೊಚ್ಚಿಯ ವಿಮಾನ ನಿಲ್ದಾಣವೇ ನೀರಿನಲ್ಲಿತ್ತು. ನೀರು ಇಳಿದು ಜನ ಮನೆ ತೊಳೆಯುತ್ತಿದ್ದಾಗ, ಸೆಪ್ಟೆಂಬರ್ 16ರ ಭಾನುವಾರ, ಸುದ್ದಿ ಬಂತು: ಸಚಿನ್ ತಮ್ಮ ಶೇ. 20ರ ಪಾಲು ಬಿಟ್ಟರು. ಮನಸ್ಸು ಮಾತ್ರ ಬ್ಲಾಸ್ಟರ್ಸ್ ಜೊತೆಗೇ ಇರುತ್ತದೆ ಎಂಬ ಅರ್ಥದ ಮಾತು ಹೇಳಿದರು. ಅಕ್ಕನ ಮಗನ ಫೋನು ತಕ್ಷಣ: "ನಾನು ಹೇಳಿರಲಿಲ್ವಾ ಮಾಮ?" ನಾನು ಕ್ಯಾಷಿಯರ್‌ಗೆ ಫೋನ್ ಮಾಡಿದೆ. ಮನೆಯ ಕೆಸರು ಎತ್ತುತ್ತಿದ್ದ. "ಹೋಗಲಿ ಸಾರೇ. ಅವರು ಷೇರು ಮಾರಬಹುದು. ನಾನು ಏನು ಮಾರಲಿ, ಯಾರಿಗೆ ಮಾರಲಿ?" ಅಂದ.

ಆ ಋತುವಿನಲ್ಲಿ ಕಲೂರಿನ ಗ್ಯಾಲರಿ ನಿಜವಾಗಿಯೂ ಖಾಲಿಯಾಯಿತು. ಅಕ್ಕನ ಮಗನ ಭವಿಷ್ಯ ಫಲಿಸಿತು ಅಂದುಕೊಂಡೆ. ಆದರೆ ಕಾರಣ ಬೇರೆ: ತಂಡ ಸೋಲುತ್ತಲೇ ಇತ್ತು, ಹತ್ತರಲ್ಲಿ ಒಂಬತ್ತನೆಯದಾಯಿತು. ಸಚಿನ್ ಇದ್ದಿದ್ದರೂ ಅಷ್ಟೇ ಖಾಲಿಯಾಗುತ್ತಿತ್ತೋ ಏನೋ. ಅದೇ ವರ್ಷ ನಮ್ಮ ಬೆಂಗಳೂರು ಕಪ್ ಗೆದ್ದಿತು. ನಾನೂ 2019ರಲ್ಲಿ ನಿವೃತ್ತನಾಗಿ ಊರಿಗೆ ಬಂದೆ.

ಉತ್ತರ ಸಿಕ್ಕಿದ್ದು 2022ರ ಮಾರ್ಚ್ 20ರಂದು. ಸಚಿನ್ ಹೋಗಿ ಮೂರೂವರೆ ವರ್ಷ. ಗೋವಾದ ಫತೋರ್ಡಾದಲ್ಲಿ ಬ್ಲಾಸ್ಟರ್ಸ್‌ಗೆ ಮೂರನೇ ಫೈನಲ್. ಎದುರಾಳಿ ಹೈದರಾಬಾದಿನ ಅಂಗಿಯೂ ಹಳದಿಯಾದ್ದರಿಂದ ಕೇರಳದ ಆಟಗಾರರು ಕಪ್ಪು ಹಾಕಬೇಕಾಯಿತು. ಗ್ಯಾಲರಿ ಮಾತ್ರ ಹಳದಿಯೇ. ಟೀವಿಯಲ್ಲಿ ನೋಡುತ್ತಾ ಅಕ್ಕನ ಮಗನಿಗೆ ಹೇಳಿದೆ: "ನೋಡಪ್ಪ, ಮಾಲೀಕ ಇಲ್ಲ, ಬಣ್ಣವೂ ಇಲ್ಲ, ಜನ ಇದ್ದಾರೆ." ಅವತ್ತೂ ಪೆನಾಲ್ಟಿಯಲ್ಲೇ ಸೋತರು. ಆಟ ನೋಡಲು ಹೊರಟಿದ್ದ ಇಬ್ಬರು ಅಭಿಮಾನಿಗಳು ದಾರಿಯಲ್ಲಿ, ಕಾಸರಗೋಡು ಜಿಲ್ಲೆಯಲ್ಲಿ, ಅಪಘಾತದಲ್ಲಿ ತೀರಿಕೊಂಡಿದ್ದರು. ಮೂರು ವರ್ಷದ ನಂತರ, 2025ರ ಜೂನ್ 3ರಂದು ಆರ್‌ಸಿಬಿ ಕಡೆಗೂ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಲ್ಲಿ ಹನ್ನೊಂದು ಜನ ಸತ್ತರು. ಆ ರಾತ್ರಿ ಕ್ಯಾಷಿಯರ್ ಫೋನ್ ಮಾಡಿದ. ಅಭಿನಂದನೆ ಹೇಳಲಿಲ್ಲ. "ನಿಮ್ಮ ಅಕ್ಕನ ಮಗ ಮನೇಲಿದ್ದಾನಾ ಸಾರೇ?" ಅಂತಷ್ಟೇ ಕೇಳಿದ. ಇದ್ದ.

ಮಾಲೀಕನ ಪಾಲಿಗೆ ಒಂದು ಬೆಲೆ ಇರುತ್ತದೆ, ಕಾಗದದ ಮೇಲೆ ಬರೆದು ಕೈ ಬದಲಿಸಬಹುದು. ಗ್ಯಾಲರಿಯಲ್ಲಿ ನಿಂತವನ ಪಾಲನ್ನು ಯಾವ ಬ್ಯಾಲೆನ್ಸ್ ಶೀಟೂ ತೋರಿಸುವುದಿಲ್ಲ, ಬೆಲೆ ತೆರುವವನು ಮಾತ್ರ ಅವನೇ. ಇಷ್ಟು ತಿಳಿಯೋದಕ್ಕೆ ನಾನು ಊರು ಬಿಟ್ಟು ಹೋಗಬೇಕಾಯಿತು. ಎದುರಾಳಿ ಕ್ಲಬ್‌ನ ಮಾಜಿ ಮಾಲೀಕನ ಬಗ್ಗೆ ಕೇಳಿದರೆ ಈಗ ಹೀಗೆ ಹೇಳುತ್ತೇನೆ: ಹೆಸರು ಕೊಟ್ಟರು, ವಾಪಸು ಕೇಳಲಿಲ್ಲ, ಹುಲ್ಲು ಉಳಿಸಿದರು. ಉಳಿದದ್ದನ್ನೆಲ್ಲ ಕ್ಯಾಷಿಯರ್‌ನಂಥವರು ಮಾಡಿದರು.

ನನ್ನ ಬೀರುವಿನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಒಂದು ಹಳೆಯ ಪಾಸ್‌ಬುಕ್ ಇದೆ. ಅದರ ಪಕ್ಕದಲ್ಲೇ ಕ್ಯಾಷಿಯರ್ ಕೊಟ್ಟ ಹಳದಿ ಶಾಲು. ಅಕ್ಕನ ಮಗ ಬಂದಾಗ ಮಾತ್ರ ಬೀರುವಿನ ಬಾಗಿಲು ಹಾಕಿರುತ್ತೇನೆ.