ಅಧಿಕಾರವೂ ನೆಂಟಸ್ತಿಕೆಯೂ



ಮಠಕ್ಕೆ ಬರುವ ಭಕ್ತರು ಆಗಾಗ ನಮ್ಮೆದುರು ಒಂದು ಪ್ರಶ್ನೆಯನ್ನು ಇಡುತ್ತಾರೆ. ಮಂತ್ರಿಯಾದವನು ತನ್ನ ಅಳಿಯನಿಗೋ ಮೈದುನನಿಗೋ ಒಂದು ಹುದ್ದೆ ಕೊಡಿಸಿದರೆ ಜನ ಆಡಿಕೊಳ್ಳುತ್ತಾರೆ. ಆದರೆ ತನ್ನವರನ್ನೇ ಕಾಪಾಡದವನು ನಾಡನ್ನು ಕಾಪಾಡುವನೇ? ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಬಂಧುಪ್ರೇಮ ಪಾಪವಲ್ಲ. ಆದರೆ ಮನೆಯ ಪ್ರೀತಿ ರಾಜ್ಯದ ಬೊಕ್ಕಸದ ಬೀಗದ ಕೈ ಹಿಡಿದಾಗ ಏನಾಗುತ್ತದೆಂಬುದನ್ನು ಇತಿಹಾಸವೇ ಹೇಳಬೇಕು.

ನಮ್ಮ ಪ್ರಾಚೀನರು ಈ ವಿಷಯವನ್ನು ಬಹಳ ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಮೈಸೂರಿನಲ್ಲಿ ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ, ಯಾರನ್ನು ಅಮಾತ್ಯರನ್ನಾಗಿ ನೇಮಿಸಬೇಕೆಂಬ ವಾದ ಬರುತ್ತದೆ. ಜೊತೆಯಲ್ಲಿ ಓದಿದವರನ್ನು ನೇಮಿಸಬೇಕು, ಅವರ ಗುಣ ರಾಜನಿಗೆ ತಿಳಿದಿರುತ್ತದೆ ಎನ್ನುತ್ತಾನೆ ಭಾರದ್ವಾಜ. ಬೇಡ, ಕೂಡಿ ಆಡಿದವರು ರಾಜನನ್ನು ಲೆಕ್ಕಕ್ಕೆ ಇಡುವುದಿಲ್ಲ. ಗುಟ್ಟಿನಲ್ಲಿ ರಾಜನಿಗೆ ಸಮಾನರಾದವರನ್ನು ನೇಮಿಸಬೇಕು ಎನ್ನುತ್ತಾನೆ ವಿಶಾಲಾಕ್ಷ. ಪರಾಶರ ಅದಕ್ಕೂ ಒಪ್ಪುವುದಿಲ್ಲ. ಅವರ ಗುಟ್ಟು ರಾಜನಿಗೆ ತಿಳಿದಿರುವಂತೆ ರಾಜನ ಗುಟ್ಟೂ ಅವರಿಗೆ ತಿಳಿದಿರುತ್ತದೆ. ಆ ಭಯದಿಂದ ರಾಜನೇ ಅವರು ಹೇಳಿದಂತೆ ಕುಣಿಯಬೇಕಾಗುತ್ತದೆ ಎಂಬುದು ಅವನ ಆಕ್ಷೇಪ. ತಂದೆ ತಾತಂದಿರಿಂದ ಸೇವೆ ಮಾಡಿಕೊಂಡು ಬಂದ ಮನೆತನದವರಾಗಲಿ ಎಂದು ಮತ್ತೊಬ್ಬ ಆಚಾರ್ಯ ಹೇಳಿದರೆ, ಅಂಥವರು ಎಲ್ಲವನ್ನೂ ವಶಮಾಡಿಕೊಂಡು ತಾವೇ ಒಡೆಯರಾಗುತ್ತಾರೆಂದು ಇನ್ನೊಬ್ಬ ಎಚ್ಚರಿಸುತ್ತಾನೆ. ಕೊನೆಗೆ ಕೌಟಿಲ್ಯನ ನಿರ್ಣಯ: ಒಬ್ಬನ ಸಾಮರ್ಥ್ಯ ಗೊತ್ತಾಗುವುದು ಅವನು ಮಾಡುವ ಕಾರ್ಯದಿಂದ. ನೇಮಿಸಿದ ಮೇಲೂ ಅವರ ಶುದ್ಧಿಯನ್ನು ಪರೀಕ್ಷಿಸಬೇಕು.

ಸ್ನೇಹ, ಗುಟ್ಟು, ವಂಶ ಇವೆಲ್ಲ ಅಂದೂ ಇದ್ದವು, ಇಂದೂ ಇವೆ. ಶಿಫಾರಸು ಪತ್ರ ಹೊಸದು, ಅದರ ಒಳಗಿನ ಮಾತು ಹಳೆಯದು.

ಇನ್ನು ನಮ್ಮ ಮನೆಯ ಕಥೆಗೇ ಬರೋಣ. ನಾವು ನಿತ್ಯ ಸ್ಮರಿಸುವ ಅಣ್ಣ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರು. ಆ ಅಧಿಕಾರ ಅವರಿಗೆ ಬಂದದ್ದು ಹೇಗೆ? ಎರಡು ಪರಂಪರೆಗಳಿವೆ. ಪಾಲ್ಕುರಿಕೆ ಸೋಮನಾಥನ ಬಸವಪುರಾಣದಂತೆ ಬಲದೇವ ಮಂತ್ರಿ ಬಸವಣ್ಣನವರ ಸೋದರಮಾವ, ಹೆಣ್ಣು ಕೊಟ್ಟ ಮಾವನೂ ಹೌದು. ಅವನು ತೀರಿಕೊಂಡ ಮೇಲೆ ಆ ಸ್ಥಾನ ಅಳಿಯನಿಗೆ ಬಂತು. ಹರಿಹರನ ರಗಳೆಯಂತೆ, ಮಂಗಳವಾಡಕ್ಕೆ ಬಂದ ಬಸವಣ್ಣನವರು ಕರಣಿಕರ ನಡುವೆ ಕುಳಿತು ಲೆಕ್ಕದಲ್ಲಿ ತೋರಿದ ಜಾಣ್ಮೆಯಿಂದ ಮೇಲಕ್ಕೆ ಬಂದರು. ಒಂದು ಕಡೆ ನೆಂಟಸ್ತಿಕೆ, ಇನ್ನೊಂದು ಕಡೆ ಯೋಗ್ಯತೆ. ಭಕ್ತರು ಎರಡನ್ನೂ ಹಾಡುತ್ತಾ ಬಂದಿದ್ದಾರೆ. ಮೊದಲನೆಯದನ್ನು ಯಾರೂ ಮುಚ್ಚಿಡಲಿಲ್ಲ.

ಮುಚ್ಚಿಡದಿರಲು ಕಾರಣವಿದೆ. ಬಸವಣ್ಣನವರು ಅರಸನ ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಆಗದವರು ಬಿಜ್ಜಳನಿಗೆ ದೂರು ಕೊಟ್ಟರು. ಭಂಡಾರ ತೆರೆಸಿ ಎಣಿಸಿದಾಗ ಒಂದು ಹೊನ್ನೂ ಕಡಿಮೆಯಿರಲಿಲ್ಲವೆಂದು ಪುರಾಣ ಹೇಳುತ್ತದೆ. ಭಕ್ತರು ಇದನ್ನು ಪವಾಡವೆಂದು ಕೈಮುಗಿಯುತ್ತಾರೆ, ನಾವೂ ಮುಗಿಯುತ್ತೇವೆ. ಆದರೆ ನಮ್ಮ ನಿತ್ಯದ ಬಾಳಿಗೆ ಬೇಕಾದ ಪಾಠ ಅದಕ್ಕೂ ಹಿಂದಿನ ಗಳಿಗೆಯಲ್ಲಿದೆ. ನಾನು ಮಂತ್ರಿಯ ಅಳಿಯ, ನನ್ನ ಲೆಕ್ಕ ಕೇಳುವವರು ಯಾರು ಎಂದು ಅವರು ಹೇಳಲಿಲ್ಲ. ಪೆಟ್ಟಿಗೆಯ ಬಾಯಿ ತೆರೆದು ಇಟ್ಟರು.

ಮುಂದೆ ಶೂನ್ಯಪೀಠವನ್ನು ಯಾರಿಗೆ ಕೊಡಬೇಕೆಂಬ ಸಂದರ್ಭ ಬಂದಾಗ ಆ ಪೀಠಕ್ಕೆ ಏರಿದವರು ಅಲ್ಲಮಪ್ರಭುಗಳು. ಅವರು ಬಸವಣ್ಣನವರ ರಕ್ತಸಂಬಂಧಿಯಲ್ಲ; ಊರೂರು ತಿರುಗಿ ಬಂದ ವಿರಾಗಿ. ಅವರ ತರುವಾಯ ಪೀಠಕ್ಕೆ ಬಂದವರು ಚೆನ್ನಬಸವಣ್ಣನವರು, ಅಕ್ಕ ನಾಗಲಾಂಬಿಕೆಯ ಮಗ, ಎಂದರೆ ಬಸವಣ್ಣನವರ ಸೋದರಳಿಯ. ಹಾಗಾದರೆ ಇದೂ ಸ್ವಜನಪಕ್ಷಪಾತವಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಲಿ. ಉತ್ತರ ಕೊಡುವ ಮೊದಲು ಇನ್ನೊಬ್ಬ ಸೋದರಳಿಯನ ಕಥೆ ನೋಡೋಣ.

ರೋಮಿನ ಪೋಪರಿಗೆ ಮದುವೆಯಿಲ್ಲ, ಮಕ್ಕಳ ಹಂಗಿಲ್ಲ. ಆದರೂ ಮೂರನೆಯ ಕ್ಯಾಲಿಕ್ಸ್ಟಸ್ ಎಂಬ ಪೋಪ್ 1456ರಲ್ಲಿ ತನ್ನ ಅಕ್ಕತಂಗಿಯರಲ್ಲೊಬ್ಬಳ ಮಗ, ಇಪ್ಪತ್ತೈದರ ಹರೆಯದ ರೊಡ್ರಿಗೊ ಬೋರ್ಜಿಯನನ್ನು ಕಾರ್ಡಿನಲ್ ಮಾಡಿದ. ಮರುವರ್ಷವೇ ಧರ್ಮಪೀಠದ ಕಾರ್ಯಾಲಯದ ದೊಡ್ಡ ಹುದ್ದೆಯನ್ನೂ ಕೊಟ್ಟ. ಆ ಅಳಿಯ 1492ರಲ್ಲಿ ತಾನೇ ಪೋಪ್ ಆದ; ಮರುವರ್ಷ ತನ್ನ ಮಗನನ್ನೇ ಕಾರ್ಡಿನಲ್ ಮಾಡಿದ. ಇಟಲಿಯ ಭಾಷೆಯಲ್ಲಿ ಸೋದರಳಿಯನಿಗೆ 'ನಿಪೋಟೆ' ಎನ್ನುತ್ತಾರೆ. ಸ್ವಜನಪಕ್ಷಪಾತಕ್ಕೆ ಇಂಗ್ಲಿಷಿನವರು ಹೇಳುವ 'ನೆಪಾಟಿಸಂ' ಆ ಶಬ್ದದಿಂದಲೇ ಹುಟ್ಟಿತು. 1692ರಲ್ಲಿ ಹನ್ನೆರಡನೆಯ ಇನ್ನೊಸೆಂಟ್ ಎಂಬ ಪೋಪ್ ಆಜ್ಞೆ ಹೊರಡಿಸಿ, ಬಂಧುಗಳಿಗೆ ಹುದ್ದೆ, ಆಸ್ತಿ, ಆದಾಯಗಳನ್ನು ಕೊಡಬಾರದೆಂದೂ ಯೋಗ್ಯನಾಗಿದ್ದರೆ ಒಬ್ಬ ಬಂಧುವನ್ನು ಮಾತ್ರ ಕಾರ್ಡಿನಲ್ ಮಾಡಬಹುದೆಂದೂ ಕಟ್ಟು ಮಾಡಿದ.

ಇಬ್ಬರೂ ಸೋದರಳಿಯರೇ. ರೋಮಿನಲ್ಲಿ ಕೊಡುವ ಕೈ ಮಾವನದು, ಒರೆ ಹಚ್ಚುವ ಕಣ್ಣೂ ಮಾವನದೇ. ಕಲ್ಯಾಣದಲ್ಲಿ ಒರೆಗಲ್ಲಾದದ್ದು ಶರಣರ ಸಮೂಹ. ಅಲ್ಲಿ ಯಾರು ಯಾರನ್ನಾದರೂ ಪ್ರಶ್ನಿಸಬಹುದಿತ್ತು. ಬಸವಣ್ಣನವರನ್ನೂ ಅಲ್ಲಮರು ಬಿಡಲಿಲ್ಲ. ಚೆನ್ನಬಸವಣ್ಣನವರು ಷಟ್‌ಸ್ಥಲ ಜ್ಞಾನಿಗಳೆಂದು ಆ ಸಭೆಯೇ ಕಂಡುಕೊಂಡಿತು. ದೋಷ ನೆಂಟಸ್ತಿಕೆಯಲ್ಲಿಲ್ಲ, ಕೊಡುವವನೂ ತೂಗುವವನೂ ಒಬ್ಬನೇ ಆಗುವುದರಲ್ಲಿದೆ.

ಈ ತತ್ತ್ವವನ್ನು ನಮ್ಮ ಕಾಲದಲ್ಲಿ ಸ್ಪಷ್ಟವಾಗಿ ಎತ್ತಿಹಿಡಿದದ್ದು 1969ರ ಸುಪ್ರೀಂ ಕೋರ್ಟಿನ ಒಂದು ತೀರ್ಪು. ಐವರು ನ್ಯಾಯಮೂರ್ತಿಗಳ ಪೀಠದ ಪರವಾಗಿ ಅದನ್ನು ಬರೆದವರು ಕನ್ನಡನಾಡಿನವರೇ ಆದ ಕೆ. ಎಸ್. ಹೆಗ್ಡೆಯವರು. ಕಾಶ್ಮೀರದಲ್ಲಿ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಒಬ್ಬ ಅಧಿಕಾರಿ ಸದಸ್ಯನಾಗಿದ್ದ, ಅಭ್ಯರ್ಥಿಯೂ ಆಗಿದ್ದ. ತನ್ನ ಹೆಸರು ಬಂದಾಗ ಅವನು ಕೂಡಲಿಲ್ಲ. ಆದರೆ ತನ್ನ ಪ್ರತಿಸ್ಪರ್ಧಿಗಳನ್ನು ತೂಗುವಾಗ ಕುಳಿತಿದ್ದ. ಪಟ್ಟಿಯಲ್ಲಿ ಅವನ ಹೆಸರೇ ಮೊದಲು ಬಂತು. ಅವನು ತಮ್ಮ ಮೇಲೆ ಪ್ರಭಾವ ಬೀರಲಿಲ್ಲವೆಂದು ಉಳಿದ ಸದಸ್ಯರು ಹೇಳಿಕೊಂಡರೂ ನ್ಯಾಯಾಲಯ ಆ ಆಯ್ಕೆಯನ್ನು ರದ್ದು ಮಾಡಿತು. ಪಕ್ಷಪಾತ ನಡೆಯಿತೆಂದು ಸಾಧಿಸಬೇಕಾಗಿಲ್ಲ, ನಡೆಯುವ ಸಂಭವವಿದ್ದರೆ ಸಾಕು ಎಂಬುದು ಅದರ ಸಾರ.

ಈ ತೀರ್ಪಿನ ವಿಷಯ ಓದಿದ ದಿನ ನಾವು ತಲೆತಗ್ಗಿಸಿದೆವು. ಏಕೆಂದರೆ ಆ ತಪ್ಪನ್ನು ನಾವೂ ಮಾಡಿದ್ದೆವು. ಹಲವು ವರ್ಷಗಳ ಹಿಂದೆ ಮಠದ ಶಾಲೆಗೆ ಒಬ್ಬ ಶಿಕ್ಷಕರು ಬೇಕಾಗಿದ್ದರು. ಅರ್ಜಿ ಹಾಕಿದವರಲ್ಲಿ ನಮ್ಮ ಪೂರ್ವಾಶ್ರಮದ ಸಂಬಂಧದ ತರುಣನೊಬ್ಬನಿದ್ದ. ಅವನ ಸರದಿ ಬಂದಾಗ ನಾವು ಎದ್ದು ಪೂಜೆಯ ಕೋಣೆಗೆ ಹೋದೆವು. ಮುಗಿದ ಮೇಲೆ ಬಂದು ಕುಳಿತೆವು. ಹುದ್ದೆ ಅವನಿಗಾಯಿತು. ನಮ್ಮ ಕೈ ಶುದ್ಧವೆಂದೇ ನಂಬಿದ್ದೆವು. ಕೆಲವು ದಿನಗಳ ನಂತರ, ಆಯ್ಕೆಯಾಗದ ಹುಡುಗನ ತಂದೆ, ಮಠದ ಹಳೆಯ ಒಕ್ಕಲು, ದರ್ಶನಕ್ಕೆ ಬಂದು ಮೆಲ್ಲಗೆ ಹೇಳಿದರು: "ಅಜ್ಜಾರ, ತಾವು ಎದ್ದು ಹೋದ್ರಿ, ಖರೆ. ಆದ್ರ ತಮ್ಮ ಪೀಠ ಅಲ್ಲೇ ಇತ್ತಲ್ರೀ."

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಸಂಬಂಧಿ ಚೆನ್ನಾಗಿಯೇ ಪಾಠ ಹೇಳಿದ. ಆದರೂ ಊರವರ ಕಣ್ಣಿಗೆ ಅವನು ಕೊನೆಯವರೆಗೂ ಸ್ವಾಮಿಗಳ ಕಡೆಯವನಾಗಿಯೇ ಉಳಿದ. ಸೋತವನಿಗೆ ಮಾತ್ರವಲ್ಲ, ಗೆದ್ದವನಿಗೂ ನಾವು ಅನ್ಯಾಯ ಮಾಡಿದ್ದೆವು. ಅವನ ಯೋಗ್ಯತೆಯನ್ನು ಸಂಶಯದ ನೆರಳಿನಲ್ಲಿ ನಿಲ್ಲಿಸಿದ್ದೆವು. ಅಂದಿನಿಂದ ಮಠದ ನೇಮಕಗಳ ಸಮಿತಿಯಲ್ಲಿ ನಾವು ಕೂಡುವುದಿಲ್ಲ. ಸಂಬಂಧವಿದ್ದರೆ ಮೊದಲೇ ಬರೆದು ತಿಳಿಸಬೇಕು. ಅಂಕಗಳ ಪಟ್ಟಿಯನ್ನು ಮಹಾದ್ವಾರದ ಗೋಡೆಗೆ ಅಂಟಿಸಬೇಕು.

ಆದ್ದರಿಂದ ಅಧಿಕಾರದಲ್ಲಿರುವ ಭಕ್ತರಿಗೆ ನಾವು ಹೇಳುವುದಿಷ್ಟು. ನಿಮ್ಮವರನ್ನು ಪ್ರೀತಿಸಿ, ನಿಮ್ಮ ಮನೆಯ ಅನ್ನವನ್ನು ಅವರಿಗೆ ಬಡಿಸಿ. ನಾಡಿನ ಹುದ್ದೆ ನಿಮ್ಮ ಮನೆಯ ಅನ್ನವಲ್ಲ. ನಿಮ್ಮವನು ನಿಜವಾಗಿ ಯೋಗ್ಯನಾಗಿದ್ದರೆ ಅವನನ್ನು ಬೇರೆಯವರ ತಕ್ಕಡಿಯಲ್ಲಿ ತೂಗಲು ಬಿಡಿ, ನೀವು ಆ ಅಂಗಳದಿಂದಲೇ ದೂರವಿರಿ. ಮಠಾಧಿಪತಿಗಳಾದ ನಮಗೂ ಇದೇ ವಿಧಿ. ನಾವು ಮೊದಲು ಪಾಲಿಸದೆ ಮಂತ್ರಿಗಳಿಗೆ ಹೇಳಿದರೆ ಆ ಮಾತಿಗೆ ಬೆಲೆಯಿಲ್ಲ.

ಪೆಟ್ಟಿಗೆ ತೆರೆದಿಡುವ ಧೈರ್ಯವನ್ನು ಬಸವಾದಿ ಪ್ರಮಥರು ನಮ್ಮೆಲ್ಲರಿಗೂ ಕರುಣಿಸಲಿ. ಸರ್ವರಿಗೂ ಸನ್ಮಂಗಳವಾಗಲಿ.