ಕ್ರೆಸಿಯ ಮಳೆ ಮತ್ತು ನೆನೆದ ಹೆದೆ

ಕ್ರೆಸಿ ಯುದ್ಧದ ಕಥೆ ನೀವೂ ಕೇಳಿರಬಹುದು. 1346ರ ಆಗಸ್ಟ್ 26, ಉತ್ತರ ಫ್ರಾನ್ಸ್. ರಾಜ ಆರನೇ ಫಿಲಿಪ್ ಕೂಲಿಗೆ ಕರೆಸಿದ್ದ ಜಿನೋವಾದ ಅಡ್ಡಬಿಲ್ಲುಗಾರರು (ಅದೇ, ಕ್ರಾಸ್‌ಬೋ ಹಿಡಿದವರು) ಫ್ರೆಂಚ್ ಸೇನೆಯ ಮುಂದೆ. ಎದುರಿನ ದಿಬ್ಬದ ಮೇಲೆ ಉದ್ದಬಿಲ್ಲಿನ ಇಂಗ್ಲಿಷರು. ಅಷ್ಟರಲ್ಲಿ ಜೋರು ಮಳೆ. ಇಂಗ್ಲಿಷರು ಹೆದೆ ಬಿಚ್ಚಿ ತಲೆ ಮೇಲೆ ಶಿರಸ್ತ್ರಾಣದಡಿ ಇಟ್ಟುಕೊಂಡರಂತೆ, ಜಿನೋವಾದವರ ಹೆದೆ ನೆನೆದು ಎಳೆಯೋಕೇ ಆಗಲಿಲ್ಲವಂತೆ. ಜಾನ್ ದ ವೆನೆತ್ ಎಂಬ ಫ್ರೆಂಚ್ ಸನ್ಯಾಸಿ ಬರೆದಿಟ್ಟದ್ದು ಇದು.

ನನಗೆ ಇದು ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯಲ್ಲ.

ಅಡ್ಡಬಿಲ್ಲಿನ ಹೆದೆ ಅಂದರೆ ಒಂದು ಹಗ್ಗವಲ್ಲ. ಅಗಸೆ ಅಥವಾ ಭಂಗಿ ನಾರಿನ ಸಣ್ಣ ನೂಲುಗಳನ್ನು ಹತ್ತಾರು ಎಳೆ ಸುತ್ತಿ ಮಾಡಿದ ದಪ್ಪ ಕಟ್ಟು. ಪ್ರತಿ ಬಾಣಕ್ಕೂ ಅದು ಮರದ ದಂಡಿಗೆಯ ಮೇಲೆ ಉಜ್ಜಿಕೊಂಡೇ ಹೋಗಬೇಕು. ಹಾಗಾಗಿ ನಡುಭಾಗಕ್ಕೆ ಇನ್ನೊಂದು ಸುತ್ತು ನೂಲು, ಮೇಲಿಂದ ಜೇನುಮೇಣ. ಮೇಣ ಒಣಗಿದರೆ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಮೇಣ ಚೆನ್ನಾಗಿ ಹಿಡಿದಿದ್ದರೆ ನೀರು ಬೇಗ ಒಳಗೆ ಹೋಗದು. ರಾಲ್ಫ್ ಪೇನ್-ಗಾಲ್ವೆ ಎಂಬ ಇಂಗ್ಲಿಷ್ ಮಹನೀಯ, 1903ರಲ್ಲಿ ಅಡ್ಡಬಿಲ್ಲಿನ ಮೇಲೆ ದಪ್ಪ ಪುಸ್ತಕ ಬರೆದವನು, ಬಿಲ್ಲನ್ನೇ ನೀರಲ್ಲಿ ಮುಳುಗಿಸಿಟ್ಟು ನೋಡಿದ. ಹೆದೆ ಸಡಿಲವಾದದ್ದು ಕಾಣಲಿಲ್ಲವಂತೆ!

ಹೆದೆ ಬಿಚ್ಚಿಡೋದೂ ಉದ್ದಬಿಲ್ಲಿನಷ್ಟು ಸಲೀಸಲ್ಲ. ಬಲವಾದ ಅಡ್ಡಬಿಲ್ಲಿಗೆ ಬೇರೊಂದು ಹೆದೆ ಸಿಕ್ಕಿಸಿ, ಬಿಲ್ಲು ಬಾಗಿಸಿ, ಆಮೇಲೆ ಇದನ್ನು ಕಳಚಬೇಕು. ಮಳೆ ಬಂತೂಂತ ಬಿಚ್ಚುವವರು ಯಾರು? ಅದಕ್ಕೇ ಮೊದಲೇ ಮೇಣ ಬಳಿದಿಡೋದು. ಬಿಲ್ಲೇ ಹೊಟ್ಟೆಪಾಡಾದ ಕೂಲಿ ಸೈನಿಕ ಆ ಕೆಲಸ ಮರೀತಾನಾ? ಹಾಂ, ಒಂದು ಮಾತು ಒಪ್ಪಬೇಕು. ಆ ಕಾಲದ ಎಷ್ಟೋ ಬಿಲ್ಲುಗಳು ಮರ, ಕೊಂಬು, ನರಗಳನ್ನು ಅಂಟಿನಿಂದ ಕೂಡಿಸಿದವು. ಅಂಟಿಗೆ ತೇವ ಆಗಿಬರಲ್ಲ.

ಇನ್ನೊಂದು ವಿಷಯ ಯಾಕೋ ಹಿಂದೆ ಸರಿದುಬಿಡುತ್ತದೆ. ಆಳೆತ್ತರದ ಗುರಾಣಿಯ ಮರೆಯಲ್ಲಿ ನಿಂತು ಬಿಲ್ಲು ಹೂಡೋದು ಇವರ ಪದ್ಧತಿ. ಆ ಗುರಾಣಿಗಳು ಅವತ್ತು ಹಿಂದೆ ಗಾಡಿಗಳಲ್ಲೇ ಉಳಿದಿದ್ದವು. ಇವರು ಒಂದು ಬಾಣ ಹೂಡೋ ಹೊತ್ತಿಗೆ ಆ ಕಡೆಯಿಂದ ಹಲವು ಬಾಣ ಬರುತ್ತಿದ್ದವು. ಬಯಲಲ್ಲಿ ನಿಂತವರು ಹಿಂದೆ ತಿರುಗಿದರು. ತಿರುಗಿದವರನ್ನು ಫ್ರೆಂಚ್ ಕುದುರೆ ಸವಾರರೇ ತುಳಿದು ಕೊಂದರು. ಕೊಲ್ಲಿ ಅಂತ ರಾಜನೇ ಹೇಳಿದ ಎನ್ನುತ್ತಾನೆ ಫ್ರ್ವಾಸಾರ್.

ಗುರಾಣಿ ಬರೋ ತನಕವೂ ಕಾಯದೆ ಅವರನ್ನು ಮುಂದೆ ನೂಕಿದ್ದು ಅವರ ಹೆದೆಯಂತೂ ಅಲ್ಲ.