ಗೋಡೆಯ ಮೇಲಿನ ಪಟ: ನಾನು ತಿದ್ದಬೇಕಾದ ಒಂದು ಪಾಠ



ಕಳೆದ ವರ್ಷ ನನ್ನಿವಾಳದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಚಪ್ಪರದ ಕೆಳಗೆ ಕುಳಿತಿದ್ದಾಗ ಸುಮಾರು ನಲವತ್ತೈದರ ಪ್ರಾಯದ ಒಬ್ಬರು ಬಂದು ನಮಸ್ಕರಿಸಿದರು. ಒಡನೆ ಗುರುತು ಹತ್ತಲಿಲ್ಲ. "ಸಾರ್, ಹಟ್ಟಿಯಿಂದ ಬರ್ತಿದ್ದೆನಲ್ಲ, ಕೊನೇ ಬೆಂಚು" ಎಂದಾಗ ನೆನಪಾಯಿತು. ಕುಶಲೋಪರಿ ಮುಗಿದ ಮೇಲೆ ಆತ ನಗುತ್ತಲೇ ಕೇಳಿದ: "ಸಾರ್, ಆ ಮಂಗನ ಪಟ ಸ್ಕೂಲ್ನಾಗೆ ಇನ್ನೂ ಐತಾ?"

"ಅದು ಹರಿದು ಎಷ್ಟೋ ಕಾಲವಾಯ್ತಪ್ಪ" ಎಂದೆ. ಆದರೆ ಆ ಪ್ರಶ್ನೆ ನನ್ನನ್ನು ಮನೆಯವರೆಗೂ ಬಿಡಲಿಲ್ಲ.

ನಾನು ಬಿ.ಎಡ್. ಮುಗಿಸಿ ಪ್ರೌಢಶಾಲೆಗೆ ಸೇರಿದ ಕೆಲವು ವರ್ಷಗಳ ನಂತರದ ಮಾತು. ಎಂಟನೆಯ ತರಗತಿಗೆ ಮಾನವನ ಉಗಮದ ಪಾಠ. ಗೋಡೆಗೆ ಒಂದು ಚಾರ್ಟು ತೂಗುಹಾಕಿದ್ದೆ. ಎಡಗಡೆ ಬಾಗಿ ನಡೆಯುವ ಒಂದು ವಾನರ, ಅದರ ಮುಂದೆ ಸ್ವಲ್ಪ ನೆಟ್ಟಗಾದ ಮತ್ತೊಂದು, ಹೀಗೆ ಸಾಲಾಗಿ ಸಾಗಿ ಬಲಗಡೆಯ ಕೊನೆಯಲ್ಲಿ ನೆಟ್ಟಗೆ ನಿಂತ ಬಿಳಿಯ ಮನುಷ್ಯ. ಮಧ್ಯದ ಆಕೃತಿ ಕಪ್ಪಾಗಿತ್ತು. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ಅದನ್ನು ತೋರಿಸಿ, ಕೊನೆಯ ಬೆಂಚಿನತ್ತ ತಿರುಗಿ, "ಸಾರ್, ಇದು ಇವನ ಥರಾನೇ ಐತೆ" ಎಂದ. ತರಗತಿಯೇ ನಕ್ಕಿತು. ನಾನು ಗದರಿಸಲಿಲ್ಲ. ನಿಜ ಹೇಳಬೇಕೆಂದರೆ ನನ್ನ ತುಟಿಯ ಮೇಲೂ ಒಂದು ನಗು ಸುಳಿಯಿತು. ಅದನ್ನು ಮರೆಸಲು ಕಪ್ಪುಹಲಗೆಯ ಕಡೆ ತಿರುಗಿದೆ. ಮುಂದಿನ ಎರಡು ದಿನ ಆ ಹುಡುಗ ಶಾಲೆಗೆ ಬರಲಿಲ್ಲ.

ಆ ದಿನ ಹೇಳಬೇಕಾಗಿದ್ದ ಮಾತುಗಳನ್ನು ಇಂದು ಹೇಳುತ್ತಿದ್ದೇನೆ.

ಮೊದಲನೆಯದಾಗಿ, ಆ ಪಟವೇ ತಪ್ಪು. ಅದರ ಮೂಲ 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ರುಡಾಲ್ಫ್ ಝಾಲಿಂಗರ್ ಎಂಬ ಕಲಾವಿದರು ರಚಿಸಿದ ಚಿತ್ರ. ಜಗತ್ತಿನ ಅಸಂಖ್ಯಾತ ಶಾಲೆಗಳ ಗೋಡೆಗಳಿಗೆ ಅದರ ನಕಲುಗಳು ಬಂದವು. ಅದನ್ನು ನೋಡಿದವರಿಗೆ ಮಾನವ ವಿಕಾಸವೆಂದರೆ ಒಂದು ಏಣಿ, ಕೆಳಗಿನ ಮೆಟ್ಟಿಲಿನವರು ಕೀಳು, ಮೇಲಿನವರು ಮೇಲು ಎಂದೇ ತೋರುತ್ತದೆ. ವಾಸ್ತವವಾಗಿ ಅದು ಏಣಿಯಲ್ಲ, ನಮ್ಮ ಊರಮುಂದಿನ ಆಲದ ಮರದಂತೆ ಹಲವು ಕೊಂಬೆಗಳುಳ್ಳದ್ದು. ಇಂದಿನ ಯಾವ ಮಂಗವೂ ನಮ್ಮ ಪೂರ್ವಜನಲ್ಲ. ಚಿಂಪಾಂಜಿಗೂ ನಮಗೂ ಸುಮಾರು 60-70 ಲಕ್ಷ ವರ್ಷಗಳ ಹಿಂದೆ ಸಮಾನ ಪೂರ್ವಜರಿದ್ದರು. ಅಲ್ಲಿಂದ ಎರಡು ಕೊಂಬೆಗಳು ಬೇರೆಯಾದವು. 1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ದೊರೆತ 'ಲೂಸಿ' ಸುಮಾರು 32 ಲಕ್ಷ ವರ್ಷಗಳ ಹಿಂದಿನವಳು. ಎತ್ತರ ಮೂರೂವರೆ ಅಡಿ, ಮಿದುಳು ಚಿಂಪಾಂಜಿಯದಕ್ಕಿಂತ ಹೆಚ್ಚೇನೂ ದೊಡ್ಡದಲ್ಲ. ಆದರೂ ಎರಡು ಕಾಲಿನ ಮೇಲೆ ನೆಟ್ಟಗೆ ನಡೆಯುತ್ತಿದ್ದಳು. ಮೊದಲು ನಡಿಗೆ, ಬಹುಕಾಲದ ಅನಂತರ ದೊಡ್ಡ ಮಿದುಳು ಎಂಬುದು ಇದರಿಂದ ಸ್ಪಷ್ಟವಾಯಿತು. ಒಂದು ಲಕ್ಷ ವರ್ಷಗಳ ಹಿಂದೆ ಭೂಮಿಯ ಮೇಲೆ ನಮ್ಮದಲ್ಲದೆ ಬೇರೆ ಮಾನವ ಜಾತಿಗಳೂ ಇದ್ದವು. ಯೂರೋಪಿನ ನಿಯಾಂಡರ್ತಲರು ಅವರಲ್ಲಿ ಒಬ್ಬರು. ಅವರ ಅಂಶ ನಮ್ಮ ನಿಮ್ಮ ವಂಶವಾಹಿಯಲ್ಲಿ ಇಂದಿಗೂ ಶೇಕಡಾ ಎರಡರಷ್ಟು ಉಳಿದಿದೆ. ಇಂತಹ ಸಂಶೋಧನೆಗಾಗಿ ಸ್ವಾಂಟೆ ಪಾಬೊ ಅವರಿಗೆ 2022ರ ನೊಬೆಲ್ ಪಾರಿತೋಷಕ ಸಂದಿತು.

ಇನ್ನು ಬಣ್ಣದ ವಿಚಾರ. ನಮ್ಮ ಜಾತಿಯ ಮಾನವರು ಸುಮಾರು 3 ಲಕ್ಷ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಕಾಣಿಸಿಕೊಂಡರು. ಪ್ರಖರ ಬಿಸಿಲಿನ ನಾಡಿನಲ್ಲಿ ಕಪ್ಪು ಚರ್ಮ ಮೈಗೆ ರಕ್ಷಾಕವಚ. ಬಿಸಿಲು ಕಡಿಮೆಯಿರುವ ಉತ್ತರದ ನಾಡುಗಳಲ್ಲಿ ಬಿಳಿ ಮೈಬಣ್ಣ ವ್ಯಾಪಕವಾದದ್ದು ತೀರ ಈಚೆಗೆ. ಇಂಗ್ಲೆಂಡಿನಲ್ಲಿ ದೊರೆತ, ಸುಮಾರು 10,000 ವರ್ಷ ಹಳೆಯ 'ಚೆಡ್ಡರ್ ಮನುಷ್ಯ'ನ ಮೈಬಣ್ಣವೂ ಕಪ್ಪಾಗಿದ್ದಿರಬೇಕೆಂದು 2018ರಲ್ಲಿ ಅವನ ಡಿಎನ್‌ಎ ಪರೀಕ್ಷಿಸಿದ ವಿಜ್ಞಾನಿಗಳು ಹೇಳಿದರು. ಹಾಗಿರುವಾಗ ಆ ಪಟದ ಕಪ್ಪು ಆಕೃತಿ ಕೊನೆಯ ಬೆಂಚಿನ ಹುಡುಗನೊಬ್ಬನ ಅಜ್ಜನಲ್ಲ. ಅವನನ್ನು ನೋಡಿ ನಕ್ಕವರೆಲ್ಲರಿಗೂ, ಹಲಗೆಯತ್ತ ತಿರುಗಿ ನಿಂತ ಮೇಷ್ಟರಿಗೂ ಅಂಥವರೇ ಪೂರ್ವಿಕರು.

ಎರಡನೆಯದಾಗಿ, ಆ ಪಾಠದಲ್ಲಿ ಆಫ್ರಿಕಾ, ಜಾವಾ, ಪೀಕಿಂಗ್ ಎಲ್ಲವೂ ಬಂದವು. ನಮ್ಮ ನಾಡು ಮಾತ್ರ ಬರಲಿಲ್ಲ. ನನಗೇ ತಿಳಿದಿರಲಿಲ್ಲ ಎಂಬುದು ಒಂದು ಕಾರಣ, ತಿಳಿದುಕೊಳ್ಳಲು ಹೋಗಲಿಲ್ಲ ಎಂಬುದು ನಿಜವಾದ ಕಾರಣ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿದರು. ಮುಂದೆ ಅವರು ಬಳ್ಳಾರಿ, ಮೈಸೂರು ಸೀಮೆಗಳಲ್ಲಿಯೂ ಅಲೆದು ಇಂತಹ ನೆಲೆಗಳನ್ನು ಪತ್ತೆಹಚ್ಚಿದರು. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ಹುಣಸಗಿ–ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ದುಡಿದರು. ಈಗಿನ ಯಾದಗಿರಿ ಜಿಲ್ಲೆಗೆ ಸೇರಿದ ಇಸಾಂಪುರದಲ್ಲಿ ಅವರು ನಡೆಸಿದ ಉತ್ಖನನದಲ್ಲಿ ಒಂದು ಪೂರ್ಣ 'ಕಾರ್ಯಾಗಾರ'ವೇ ಬೆಳಕಿಗೆ ಬಂತು. ನೆಲದಲ್ಲಿ ಹಾಸಿಕೊಂಡಿದ್ದ ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ, ಬೇರೆಡೆಯಿಂದ ತಂದ ಗಟ್ಟಿಕಲ್ಲಿನ ಸುತ್ತಿಗೆಗಳಿಂದ ಚಕ್ಕೆ ಹಾರಿಸಿ, ಕೈಗೊಡಲಿಗಳನ್ನು ಮಾಡಿದ್ದರು. ಸುತ್ತಿಗೆ, ಚಕ್ಕೆ, ಅರ್ಧಕ್ಕೆ ಬಿಟ್ಟ ಕಲ್ಲು ಎಲ್ಲವೂ ಅಲ್ಲಲ್ಲೇ ಇದ್ದವು. ಅಲ್ಲಿ ದೊರೆತ ಪ್ರಾಣಿಯ ಹಲ್ಲುಗಳ ಪರೀಕ್ಷೆಯಿಂದ ತಿಳಿದ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆ! ಅವರು ನಮ್ಮ ಜಾತಿಯವರಲ್ಲ, ನಮಗಿಂತ ಹಿಂದಿನ ಮಾನವರು. ಯಾವ ಕಲ್ಲು ಎಲ್ಲಿ ಒಡೆಯುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು. ಮಕ್ಕಳು ಹಿರಿಯರ ಪಕ್ಕದಲ್ಲಿ ಕುಳಿತು ನೋಡಿ ಕಲಿತಿರಬೇಕು.

ನಮಗೆ ಇನ್ನೂ ಹತ್ತಿರದ ಸ್ಥಳ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನವನ್ನು ಪತ್ತೆಹಚ್ಚಿದ ಸ್ಥಳವೆಂದು ನಿಮಗೆ ಪಾಠ ಮಾಡಿದ್ದೇನೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದಾಗ, ಶಾಸನದ ಕಾಲಕ್ಕಿಂತ ಬಹು ಹಿಂದಿನ ನಯಗೊಳಿಸಿದ ಕಲ್ಲುಕೊಡಲಿಗಳ ಜನವಸತಿ ಕಂಡುಬಂತು. ತೀರಿಕೊಂಡ ಎಳೆಯ ಮಕ್ಕಳನ್ನು ಅವರು ಮಡಕೆಯೊಳಗಿಟ್ಟು ವಸತಿಯ ನಡುವೆಯೇ ಹೂಳುತ್ತಿದ್ದರು. ದೂರ ಬಿಡಲು ಮನಸ್ಸು ಬರುತ್ತಿರಲಿಲ್ಲವೇನೋ ಎಂದು ನನಗೆ ಅನ್ನಿಸುತ್ತದೆ. ದಕ್ಷಿಣದ ಈ ನವಶಿಲಾಯುಗದ ಜನ ದನ, ಕುರಿ, ಮೇಕೆಗಳನ್ನು ಸಾಕಿದರು. ಕೊರಲೆ, ಹುರುಳಿ, ಹೆಸರು ಬೆಳೆದರು. ನಮ್ಮ ಚಳ್ಳಕೆರೆ ಸೀಮೆಯ ಹಟ್ಟಿಗಳ ಬದುಕು ಇದಕ್ಕಿಂತ ಬಹಳ ದೂರವೇ? ಅವನ ಅಪ್ಪನ ಕುರಿಮಂದೆಯನ್ನು 'ಹಿಂದುಳಿದ' ಕಸುಬೆಂದು ಕಂಡ ನಮಗೆ, ಸಾವಿರಾರು ವರ್ಷ ಈ ಒಣನೆಲದಲ್ಲಿ ಜನ ಬಾಳಿದ್ದು ಅಂತಹ ವಿದ್ಯೆಯಿಂದಲೇ ಎಂಬುದು ಹೊಳೆಯಲಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಇಸಾಂಪುರದ ಕೈಗೊಡಲಿಯಿಂದ ಇಂದಿನವರೆಗಿನ ಕಾಲವನ್ನು ಒಂದು ದಿನವೆಂದು ಭಾವಿಸಿದರೆ, ನಮ್ಮ ಜಾತಿಯ ಮಾನವ ಆಫ್ರಿಕಾದಲ್ಲಿ ಕಾಣಿಸಿಕೊಳ್ಳುವಾಗ ಸಂಜೆ ಆರು ಗಂಟೆ ದಾಟಿರುತ್ತದೆ. ಬ್ರಹ್ಮಗಿರಿಯ ಕಲ್ಲುಕೊಡಲಿಗಳು ಬರುವುದು ಕೊನೆಯ ಐದಾರು ನಿಮಿಷಗಳಲ್ಲಿ. ಅಶೋಕನ ಶಾಸನ ಕೊನೆಯ ಮೂರು ನಿಮಿಷಗಳಲ್ಲಿ. ನಮ್ಮ ಮೇಲುಕೀಳುಗಳೆಲ್ಲ ಹುಟ್ಟಿದ್ದು ಆ ದಿನದ ತುತ್ತತುದಿಯಲ್ಲಿ.

ಆ ವಿದ್ಯಾರ್ಥಿಗೆ ಮೊನ್ನೆ ದೂರವಾಣಿ ಮಾಡಿ ಇಷ್ಟನ್ನೂ ಹೇಳಿದೆ, ಆ ದಿನ ಸುಮ್ಮನಿದ್ದದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ಸ್ವಲ್ಪ ಹೊತ್ತು ಆತ ಮಾತನಾಡಲಿಲ್ಲ. ಬಳಿಕ, "ನನ್ನ ಮಗಳು ಈಗ ಎಂಟನೇ ಕ್ಲಾಸು ಸಾರ್. ಆ ಬ್ರಹ್ಮಗಿರಿ ಒಂದ್ಸಲ ನೀವೇ ತೋರಿಸಿಬಿಡ್ರಿ" ಎಂದ. ಬರುವ ದಸರಾ ರಜೆಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ. ನಿಮ್ಮಲ್ಲಿ ಯಾರಾದರೂ ಮಕ್ಕಳೊಡನೆ ಬರುವುದಾದರೆ ತಿಳಿಸಿರಿ. ಬುತ್ತಿ ತನ್ನಿರಿ, ಅಲ್ಲಿನ ಒಂದು ಕಲ್ಲನ್ನೂ ಮನೆಗೆ ತರಬೇಡಿರಿ.